ನುಡಿಯಲ್ಲಿ ಒಂದಾದ ಜನ: ಜರ್ಮನರ ನೆಲ, ಚರಿತ್ರೆ, ಸಂಸ್ಕೃತಿ

ರಾಜ್ಯವು ಭಾಷೆಯನ್ನು ಪೋಷಿಸಿ ಬೆಳೆಸಿದ ನಿದರ್ಶನಗಳು ಚರಿತ್ರೆಯಲ್ಲಿ ಹೇರಳವಾಗಿವೆ. ಫ್ರಾನ್ಸಿನಲ್ಲಿ ಪ್ಯಾರಿಸಿನ ಅರಸರ ಆಸ್ಥಾನದ ನುಡಿ ಕ್ರಮೇಣ ದೇಶದ ನುಡಿಯಾಯಿತು. ಇಂಗ್ಲೆಂಡಿನಲ್ಲಿ ಲಂಡನ್ನಿನ ನುಡಿಗೆ ಆ ಸ್ಥಾನ ದೊರೆಯಿತು. ಜರ್ಮನರ ಕಥೆ ಬೇರೆ. ಎಲ್ಲರಿಗೂ ಒಂದೇ ರಾಜಧಾನಿಯಿಲ್ಲದ, ಒಬ್ಬ ಅರಸನ ಆಜ್ಞೆ ಎಲ್ಲೆಡೆಯೂ ನಡೆಯದ ಕಾಲದಲ್ಲಿಯೇ ಅವರಲ್ಲಿ ಸಮಾನವಾದ ಗ್ರಂಥಭಾಷೆಯೊಂದು ನೆಲೆಗೊಳ್ಳತೊಡಗಿತು. ಅವರಲ್ಲಿ ಬಹುಭಾಗದವರು ಒಂದು ಆಧುನಿಕ ರಾಷ್ಟ್ರವಾಗಿ ಕೂಡಿದುದು 1871ರಲ್ಲಿ; ಒಂದು ಗ್ರಂಥವನ್ನು ಒಂದೇ ನುಡಿಯಲ್ಲಿ ಓದತೊಡಗಿದುದು ಅದಕ್ಕೆ ಮುನ್ನೂರು ವರ್ಷಗಳಿಗಿಂತಲೂ ಹಿಂದೆ.

ವಿದ್ಯೆಯನ್ನೂ ಸಂಗೀತವನ್ನೂ ತತ್ತ್ವಚಿಂತನೆಯನ್ನೂ ಲೋಕವೇ ಬೆರಗಾಗುವಂತೆ ಬೆಳೆಸಿದ ಈ ಜನಾಂಗವೇ ಇಪ್ಪತ್ತನೆಯ ಶತಮಾನದಲ್ಲಿ ಮಾನವಕುಲ ಮರೆಯಲಾಗದ ಕ್ರೌರ್ಯಕ್ಕೂ ಕಾರಣವಾಯಿತು. ಆದುದರಿಂದ ಜರ್ಮನರ ಚರಿತ್ರೆಯನ್ನು ಅಭ್ಯಾಸ ಮಾಡುವವರು ಎರಡು ಸಂಗತಿಗಳನ್ನು ಒಟ್ಟಿಗೆ ಗಮನಿಸಬೇಕಾಗುತ್ತದೆ: ಭಾಷೆ ಮತ್ತು ವಿದ್ಯೆ ಒಂದು ಜನಾಂಗಕ್ಕೆ ಏನನ್ನು ಮಾಡಿಕೊಡಬಲ್ಲವು, ಮತ್ತು ತಾವಾಗಿಯೇ ಏನನ್ನು ಮಾಡಿಕೊಡಲಾರವು. ಶಾಲೆಯನ್ನು ಕಟ್ಟಿದವರಿಗೂ ಅದರಲ್ಲಿ ಕಲಿಸಿದವರಿಗೂ ಕಲಿತವರಿಗೂ ಇದು ದೂರದ ವಿಷಯವಲ್ಲ.

ನೆಲ ಮತ್ತು ನದಿಗಳು

ಜರ್ಮನಿಯು ಯೂರೋಪು ಖಂಡದ ನಡುವೆ, ಉತ್ತರ ಅಕ್ಷಾಂಶ 47 ರಿಂದ 55 ಡಿಗ್ರಿಗಳ ನಡುವೆ ಹಬ್ಬಿದೆ. ಅದರ ವಿಸ್ತೀರ್ಣ ಸುಮಾರು 3,57,000 ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ಜನಸಂಖ್ಯೆ ಎಂಟು ಕೋಟಿಗೂ ಅಧಿಕ. ಡೆನ್ಮಾರ್ಕ್, ಪೋಲೆಂಡ್, ಚೆಕ್ ಗಣರಾಜ್ಯ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಲಕ್ಸೆಂಬರ್ಗ್, ಬೆಲ್ಜಿಯಂ, ನೆದರ್ಲೆಂಡ್ಸ್ ಎಂಬ ಒಂಬತ್ತು ದೇಶಗಳು ಅದನ್ನು ಸುತ್ತುವರಿದಿವೆ.

ಉತ್ತರದಲ್ಲಿ ಉತ್ತರ ಸಮುದ್ರ ಹಾಗೂ ಬಾಲ್ಟಿಕ್ ಸಮುದ್ರಗಳವರೆಗೆ ಹಾಸಿದ ತಗ್ಗು ಬಯಲು. ನಡುವೆ ಕಾಡು ತುಂಬಿದ ಸಾಧಾರಣ ಎತ್ತರದ ಬೆಟ್ಟಸಾಲುಗಳು. ದಕ್ಷಿಣದ ಅಂಚಿನಲ್ಲಿ ಹಿಮವನ್ನು ಹೊತ್ತ ಆಲ್ಪ್ಸ್ ಪರ್ವತ. ಅಲ್ಲಿರುವ ತ್ಸುಗ್‌ಸ್ಪಿಟ್ಸ ಶಿಖರ 2,962 ಮೀಟರು ಎತ್ತರವಿದ್ದು ದೇಶದಲ್ಲಿಯೇ ಅತ್ಯುನ್ನತವಾದುದು. ಸ್ವಿಟ್ಜರ್ಲೆಂಡಿನ ಹಿಮಗಿರಿಗಳಲ್ಲಿ ಹುಟ್ಟುವ ರೈನ್ ನದಿ ಸುಮಾರು 1,230 ಕಿಲೋಮೀಟರು ಹರಿದು ಉತ್ತರ ಸಮುದ್ರವನ್ನು ಸೇರುತ್ತದೆ. ಅದರ ಇಳಿಜಾರು ದಡಗಳಲ್ಲಿ ದ್ರಾಕ್ಷಿತೋಟಗಳು, ನೀರಿನ ಮೇಲೆ ಸರಕಿನ ದೋಣಿಗಳು. ಅದನ್ನು ಕೂಡುವ ರೂರ್ ನದಿಯ ಕಣಿವೆ ಕಲ್ಲಿದ್ದಲು ಮತ್ತು ಉಕ್ಕಿನ ಸೀಮೆಯಾಗಿ ಹತ್ತೊಂಬತ್ತನೆಯ ಶತಮಾನದ ಕೈಗಾರಿಕೆಗೆ ನೆಲೆಯಾಯಿತು. ಡ್ಯಾನ್ಯೂಬ್ ನದಿಯಾದರೋ ನೈರುತ್ಯದ ಕರಿಕಾಡು ಎಂಬ ಬೆಟ್ಟಸೀಮೆಯಲ್ಲಿ ಹುಟ್ಟಿ ಮೂಡಣಕ್ಕೆ ತಿರುಗಿ, ಅನೇಕ ದೇಶಗಳನ್ನು ದಾಟಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಎಲ್ಬ್, ವೇಸರ್ ನದಿಗಳು ಉತ್ತರಾಭಿಮುಖಿಗಳು.

ಈ ಭೂರಚನೆಯ ಫಲವನ್ನು ಚರಿತ್ರೆಯಲ್ಲಿ ಕಾಣಬಹುದು. ದೇಶಕ್ಕೆ ಪೂರ್ವದಲ್ಲಾಗಲಿ ಪಶ್ಚಿಮದಲ್ಲಾಗಲಿ ಸಮುದ್ರದಂಥ ಅಥವಾ ಮಹಾಪರ್ವತದಂಥ ಗಡಿಯಿಲ್ಲ. ವ್ಯಾಪಾರಿಗಳು ಬಂದ ದಾರಿಯಲ್ಲಿಯೇ ಸೈನ್ಯಗಳೂ ಬಂದವು. ಇಲ್ಲಿಂದ ಹೊರಟ ಸೈನ್ಯಗಳೂ ಅದೇ ದಾರಿ ಹಿಡಿದವು. ನದಿಗಳು ಬೇರೆ ಬೇರೆ ದಿಕ್ಕುಗಳಿಗೆ ಹರಿಯುವಂತೆ ನಗರಗಳ ಮುಖಗಳೂ ಬೇರೆ ಬೇರೆ ದಿಕ್ಕಿಗಿದ್ದವು: ಹ್ಯಾಂಬರ್ಗ್ ಸಮುದ್ರದತ್ತ ನೋಡಿತು, ಆಗ್ಸ್‌ಬರ್ಗ್ ಇಟಲಿಯತ್ತ, ಕಲೋನ್ ನೆದರ್ಲೆಂಡ್ಸಿನತ್ತ. ಒಂದೇ ನಗರ ಎಲ್ಲವನ್ನೂ ತನ್ನತ್ತ ಸೆಳೆಯುವುದು ಇಲ್ಲಿ ಸಾಧ್ಯವಾಗಲಿಲ್ಲ.

ಹೆಸರಿನ ವಿಚಾರ

ಈ ಜನರನ್ನು ನೆರೆಯವರು ಕರೆಯುವ ಹೆಸರುಗಳು ಕುತೂಹಲಕರವಾಗಿವೆ. ರೋಮನರು ಕೊಟ್ಟ ‘ಜರ್ಮಾನಿಯ’ ಎಂಬ ಹೆಸರು ಇಂಗ್ಲಿಷಿನ ಮೂಲಕ ಕನ್ನಡಕ್ಕೂ ಬಂದಿದೆ. ಫ್ರೆಂಚರು ಅಲಮಾನಿ ಎಂಬ ಬುಡಕಟ್ಟಿನ ಹೆಸರಿನಿಂದಲೂ ಫಿನ್ನರು ಸ್ಯಾಕ್ಸನರ ಹೆಸರಿನಿಂದಲೂ ದೇಶವನ್ನೆಲ್ಲ ಕರೆಯುತ್ತಾರೆ. ರಷ್ಯನ್, ಪೋಲಿಷ್ ಮೊದಲಾದ ಭಾಷೆಗಳಲ್ಲಿ ಜರ್ಮನನಿಗಿರುವ ಹೆಸರು ‘ಮೂಕ’ ಎಂಬ ಅರ್ಥದ ಮೂಲದಿಂದ ಬಂದುದೆಂದು ವಿದ್ವಾಂಸರು ಹೇಳುತ್ತಾರೆ. ಎಂದರೆ ತಮ್ಮ ಮಾತು ಬಾರದವನು.

ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ‘ಡಾಯ್ಚ್’. ಅದರ ಮೂಲದಲ್ಲಿರುವ ಪ್ರಾಚೀನ ಶಬ್ದಕ್ಕೆ ‘ಜನ’ ಎಂದು ಅರ್ಥ. ಮಠ, ಆಸ್ಥಾನಗಳಲ್ಲಿ ಲ್ಯಾಟಿನ್ ಮೆರೆಯುತ್ತಿದ್ದ ಕಾಲದಲ್ಲಿ ಅದನ್ನು ಅರಿಯದ ಸಾಮಾನ್ಯ ಜನರ ನುಡಿಗೆ ಈ ವಿಶೇಷಣ ಸಂದಿತು. ಮೊದಲು ನುಡಿಯ ಹೆಸರು, ಆಮೇಲೆ ಆ ನುಡಿಯನ್ನಾಡುವವರ ಹೆಸರು, ಕೊನೆಗೆ ನಾಡಿನ ಹೆಸರು. ಪಂಡಿತರ ಭಾಷೆಯಿಂದ ಬೇರ್ಪಡಿಸಿ ಹೇಳಿದ ‘ದೇಶಭಾಷೆ’ ಎಂಬ ಮಾತೇ ಒಂದು ಜನಾಂಗದ ಅಂಕಿತವಾದುದು ಗಮನಾರ್ಹವಾಗಿದೆ.

ಒಡೆದ ನಾಡು

ಕ್ರಿ.ಶ. 9ರಲ್ಲಿ ಟಾಯ್ಟೊಬರ್ಗ್ ಕಾಡಿನ ಯುದ್ಧದಲ್ಲಿ ಅರ್ಮಿನಿಯಸನ ನೇತೃತ್ವದ ಬುಡಕಟ್ಟುಗಳು ರೋಮಿನ ಮೂರು ದಳಗಳನ್ನು ನಾಶಮಾಡಿದವು. ಅಲ್ಲಿಂದ ಮುಂದೆ ರೋಮಿನ ಆಳ್ವಿಕೆ ಬಹುಮಟ್ಟಿಗೆ ರೈನ್ ಮತ್ತು ಡ್ಯಾನ್ಯೂಬ್ ನದಿಗಳ ಈಚೆಗೇ ನಿಂತಿತು. ಕಲೋನ್, ಟ್ರೀರ್, ಮೈನ್ಸ್ ನಗರಗಳು ರೋಮನರ ಕಾಲದವು. ಸುಮಾರು ಕ್ರಿ.ಶ. 98ರಲ್ಲಿ ಟ್ಯಾಸಿಟಸ್ ಎಂಬ ರೋಮನ್ ಇತಿಹಾಸಕಾರ ಈ ಬುಡಕಟ್ಟುಗಳ ರೀತಿನೀತಿಗಳನ್ನು ಕುರಿತು ಒಂದು ಕಿರುಗ್ರಂಥವನ್ನು ಬರೆದನು.

ಕ್ರಿ.ಶ. 800ರಲ್ಲಿ ಫ್ರಾಂಕರ ಅರಸ ಶಾರ್ಲಮನ್ ರೋಮಿನಲ್ಲಿ ಚಕ್ರವರ್ತಿಯಾಗಿ ಪಟ್ಟವೇರಿದನು. 843ರ ವೆರ್ಡನ್ ಒಪ್ಪಂದದಲ್ಲಿ ಅವನ ಮೊಮ್ಮಕ್ಕಳು ರಾಜ್ಯವನ್ನು ಮೂರು ಪಾಲು ಮಾಡಿಕೊಂಡಾಗ ಪೂರ್ವದ ಪಾಲು ಮುಂದಿನ ಜರ್ಮನಿಗೆ ಬೀಜವಾಯಿತು. 962ರಲ್ಲಿ ಒಂದನೆಯ ಆಟೊ ಚಕ್ರವರ್ತಿಯಾದನು. ಮುಂದೆ ‘ಪವಿತ್ರ ರೋಮನ್ ಸಾಮ್ರಾಜ್ಯ’ವೆಂದು ಹೆಸರಾದ ಈ ವ್ಯವಸ್ಥೆ 1806ರವರೆಗೆ ಬಾಳಿತು. ಹೆಸರು ಸಾಮ್ರಾಜ್ಯವಾದರೂ ಅದು ನೂರಾರು ಸಂಸ್ಥಾನಗಳ, ಬಿಷಪ್ಪರ ಸೀಮೆಗಳ, ಸ್ವತಂತ್ರ ನಗರಗಳ ಒಕ್ಕೂಟವಾಗಿತ್ತು. ಚಕ್ರವರ್ತಿಯನ್ನು ಆರಿಸುವ ಅಧಿಕಾರ ಕೆಲವು ಪ್ರಮುಖ ಮಾಂಡಲಿಕರ ಕೈಯಲ್ಲಿತ್ತು. ಒಂದು ದಿನದ ಪ್ರಯಾಣದಲ್ಲಿ ಹಲವು ಗಡಿಗಳನ್ನು ದಾಟಿ ಹಲವು ಸುಂಕಗಳನ್ನು ತೆರಬೇಕಾದ ಪ್ರದೇಶಗಳೂ ಇದ್ದವು.

ಒಡೆತನ ಹಂಚಿಹೋದುದರಿಂದ ಬಲ ಕುಂದಿತು. ಆದರೆ ವಿದ್ಯೆಗೆ ಆಶ್ರಯಗಳು ಹೆಚ್ಚಿದವು. ಪ್ರತಿಯೊಬ್ಬ ಸಣ್ಣ ಅರಸನೂ ತನ್ನದೊಂದು ವಿಶ್ವವಿದ್ಯಾನಿಲಯ, ತನ್ನದೊಂದು ಸಂಗೀತಮೇಳ, ತನ್ನದೊಂದು ಗ್ರಂಥಭಂಡಾರ ಇರಲೆಂದು ಬಯಸಿದನು. ಗಯಟೆಯಂಥ ಮಹಾಕವಿ ಬಾಳಿದುದು ವೈಮಾರ್ ಎಂಬ ಪುಟ್ಟ ಸಂಸ್ಥಾನದಲ್ಲಿ. ಯೊಹಾನ್ ಸೆಬಾಸ್ಟಿಯನ್ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಲೈಪ್‌ಜಿಗ್ ನಗರದ ಸಂತ ತೋಮಸನ ಶಾಲೆಯಲ್ಲಿ ಹುಡುಗರಿಗೆ ಸಂಗೀತ ಕಲಿಸುತ್ತ, ಪೂಜಾದಿನಗಳಿಗಾಗಿ ಕೃತಿಗಳನ್ನು ರಚಿಸುತ್ತ ಇದ್ದನು. ಯೂರೋಪಿನ ಸಂಗೀತದ ಶಿಖರಪ್ರಾಯವಾದ ರಚನೆಗಳಲ್ಲಿ ಹಲವು ಒಬ್ಬ ಶಾಲಾ ಉಪಾಧ್ಯಾಯನ ನಿತ್ಯದ ಕರ್ತವ್ಯದಿಂದ ಹುಟ್ಟಿದುವು.

ಒಂದು ಅನುವಾದದ ಫಲ

ಹದಿನೈದನೆಯ ಶತಮಾನದ ನಡುವಿನಲ್ಲಿ ಮೈನ್ಸ್ ನಗರದ ಯೊಹಾನೆಸ್ ಗುಟೆನ್‌ಬರ್ಗ್ ಬಿಡಿ ಅಚ್ಚುಮೊಳೆಗಳಿಂದ ಪುಸ್ತಕ ಮುದ್ರಿಸುವ ವಿಧಾನವನ್ನು ಯೂರೋಪಿನಲ್ಲಿ ನೆಲೆಗೊಳಿಸಿದನು. ಅವನ ಲ್ಯಾಟಿನ್ ಬೈಬಲ್ ಸುಮಾರು 1455ರಲ್ಲಿ ಸಿದ್ಧವಾಯಿತು. ಈ ಸಾಧನ ಜನರ ನುಡಿಗೆ ದೊರೆತಾಗ ಅದರ ಪೂರ್ಣ ಶಕ್ತಿ ವ್ಯಕ್ತವಾಯಿತು.

ಮಾರ್ಟಿನ್ ಲೂಥರ್ 1517ರಲ್ಲಿ ಅಂದಿನ ಕ್ರೈಸ್ತ ಸಭೆಯ ಪಾಪಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿದನು. ಬಹಿಷ್ಕೃತನಾಗಿ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಗ್ರೀಕ್ ಮೂಲದಿಂದ ಹೊಸ ಒಡಂಬಡಿಕೆಯನ್ನು ಕೆಲವೇ ವಾರಗಳಲ್ಲಿ ಜರ್ಮನಿಗೆ ತಂದನು. 1522ರ ಸೆಪ್ಟೆಂಬರಿನಲ್ಲಿ ಅದು ಅಚ್ಚಾಯಿತು; ಡಿಸೆಂಬರಿಗೆ ಎರಡನೆಯ ಮುದ್ರಣ ಬೇಕಾಯಿತು. ಸಂಪೂರ್ಣ ಬೈಬಲ್ 1534ರಲ್ಲಿ ಹೊರಬಂದಿತು. ಉತ್ತರದ ತಗ್ಗುನಾಡಿನವನ ಮಾತು ದಕ್ಷಿಣದ ಬವೇರಿಯದವನಿಗೆ ತಿಳಿಯದಿದ್ದ ಕಾಲವದು. ಲೂಥರ್ ಸ್ಯಾಕ್ಸನಿಯ ಕಚೇರಿಗಳಲ್ಲಿ ಬಳಕೆಯಲ್ಲಿದ್ದ ನುಡಿಯನ್ನು ಆಧಾರವಾಗಿಟ್ಟುಕೊಂಡು, ಮನೆಯ ತಾಯಂದಿರೂ ಬೀದಿಯ ಮಕ್ಕಳೂ ಸಂತೆಯ ಜನರೂ ಹೇಗೆ ಮಾತನಾಡುವರೆಂಬುದನ್ನು ಕಿವಿಗೊಟ್ಟು ಕೇಳಿ ವಾಕ್ಯಗಳನ್ನು ಕಟ್ಟಿದನು. ಅನುವಾದಕನು ಲ್ಯಾಟಿನ್ ಅಕ್ಷರಗಳನ್ನಲ್ಲ, ಜನರ ಬಾಯನ್ನು ನೋಡಬೇಕೆಂಬುದು ಅವನ ನಿಲುವು. ಪ್ರಾಂತಭಾಷೆಗಳು ಮನೆಗಳಲ್ಲಿ ಉಳಿದವು. ಓದು ಬರಹಗಳಿಗೆ ಮಾತ್ರ ಎಲ್ಲರಿಗೂ ಸಾಮಾನ್ಯವಾದ ಒಂದು ದಾರಿ ದೊರೆಯಿತು.

ಈ ಮಹಾಪುರುಷನ ಇನ್ನೊಂದು ಮುಖವನ್ನು ಮರೆಮಾಡಬಾರದು. 1525ರಲ್ಲಿ ರೈತರು ದಂಗೆಯೆದ್ದಾಗ ಅವನು ಅರಸರ ಪಕ್ಷವನ್ನು ವಹಿಸಿ ಕಠೋರವಾಗಿ ಬರೆದನು. 1543ರಲ್ಲಿ ಯಹೂದ್ಯರ ಮೇಲೆ ದ್ವೇಷವನ್ನು ಕಾರುವ ಗ್ರಂಥವನ್ನೂ ಬರೆದನು. ಭಾಷೆಗೆ ಜೀವ ತುಂಬಿದ ಲೇಖನಿಯಿಂದಲೇ ಆ ವಿಷವೂ ಹರಿಯಿತು.

ಮತಭೇದ ಮತ್ತು ಅರಸರ ಸ್ಪರ್ಧೆಗಳು ಕೂಡಿ 1618ರಿಂದ 1648ರವರೆಗೆ ಮೂವತ್ತು ವರ್ಷಗಳ ಯುದ್ಧ ನಡೆಯಿತು. ಕೊಳ್ಳೆ, ಕ್ಷಾಮ, ಪ್ಲೇಗುಗಳಿಂದ ಅನೇಕ ಪ್ರಾಂತಗಳು ತಮ್ಮ ಜನಸಂಖ್ಯೆಯ ಅರ್ಧಕ್ಕೂ ಮೀರಿ ಕಳೆದುಕೊಂಡುವು. ಆ ಬಳಿಕ ಆಸ್ಥಾನಗಳಲ್ಲಿ ಫ್ರೆಂಚ್ ವ್ಯಾಮೋಹ ಬೆಳೆಯಿತು. ಪ್ರಷ್ಯದ ಅರಸ ಎರಡನೆಯ ಫ್ರೆಡರಿಕ್ ಸ್ವತಃ ಗ್ರಂಥಕರ್ತೃವಾದರೂ ಬರೆದುದು ಫ್ರೆಂಚಿನಲ್ಲಿ. 1780ರಲ್ಲಿ ಅವನು ಜರ್ಮನ್ ಸಾಹಿತ್ಯದ ದೌರ್ಬಲ್ಯವನ್ನು ಟೀಕಿಸಿ ಒಂದು ಗ್ರಂಥ ಬರೆದನು; ಅದೂ ಫ್ರೆಂಚಿನಲ್ಲಿಯೇ! ಆ ವೇಳೆಗೆ ಲೆಸ್ಸಿಂಗ್ ತನ್ನ ಪ್ರಮುಖ ನಾಟಕಗಳನ್ನು ಬರೆದಿದ್ದನು. ಗಯಟೆ ಯೂರೋಪಿನಲ್ಲೆಲ್ಲ ಹೆಸರಾಗಿದ್ದನು. ಷಿಲ್ಲರ್ ತನ್ನ ಮೊದಲ ನಾಟಕವನ್ನು ರಚಿಸುತ್ತಿದ್ದನು. ಅರಸನ ಅನಾದರಣೆಯಿಂದ ಸಾಹಿತ್ಯ ನಿಲ್ಲಲಿಲ್ಲ.

ನುಡಿಯ ಲಕ್ಷಣ

ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಜರ್ಮನ್ ಭಾಷೆಯ ಕೆಲವು ಲಕ್ಷಣಗಳು ಪರಿಚಿತವೆನಿಸುತ್ತವೆ. ಅದರಲ್ಲಿ ಮೂರು ಲಿಂಗಗಳು, ನಾಲ್ಕು ವಿಭಕ್ತಿಗಳು. ಲಿಂಗವು ಅರ್ಥವನ್ನಲ್ಲದೆ ಶಬ್ದವನ್ನು ಅನುಸರಿಸುತ್ತದೆ: ಸಂಸ್ಕೃತದಲ್ಲಿ ಹೆಂಡತಿಯೆಂಬ ಅರ್ಥದ ‘ಕಲತ್ರ’ ನಪುಂಸಕವಾಗಿರುವಂತೆ ಜರ್ಮನಿನಲ್ಲಿ ಹುಡುಗಿಯೆಂಬ ಅರ್ಥದ ‘ಮೇಡ್‌ಷೆನ್’ ನಪುಂಸಕ. ಸಮಾಸಕ್ಕೆ ಅಲ್ಲಿ ಮಿತಿಯಿಲ್ಲ. ಕೈಗವಸಿಗೆ ‘ಹಾಂಡ್‌ಷೂ’, ಎಂದರೆ ಕೈಯ ಪಾದರಕ್ಷೆ. ನಿಘಂಟಿಗೆ ‘ವೋರ್ಟರ್‌ಬೂಖ್’, ಎಂದರೆ ಪದಗಳ ಪುಸ್ತಕ. ಅಧೀನವಾಕ್ಯಗಳಲ್ಲಿ ಕ್ರಿಯಾಪದ ಕನ್ನಡದಲ್ಲಿರುವಂತೆ ಕೊನೆಗೆ ಬರುತ್ತದೆ.

ಕನ್ನಡ ಶಾಲೆಗಳಲ್ಲಿಯೂ ಬಳಕೆಯಾಗಿರುವ ‘ಕಿಂಡರ್‌ಗಾರ್ಟನ್’ ಇಂಥದೇ ಒಂದು ಸಮಸ್ತಪದ. ಅರ್ಥ ಮಕ್ಕಳ ತೋಟ. ಫ್ರೋಬೆಲ್ ಎಂಬ ಶಿಕ್ಷಣತಜ್ಞ 1840ರಲ್ಲಿ ತನ್ನ ಶಿಶುಶಾಲೆಗೆ ಈ ಹೆಸರಿಟ್ಟನು. ಆಟ, ಹಾಡು, ಕೈಗೆಲಸಗಳಿಂದ ಮಗು ಗಿಡದಂತೆ ತಾನೇ ಅರಳಬೇಕು, ಉಪಾಧ್ಯಾಯನು ತೋಟಗಾರನಂತೆ ನೋಡಿಕೊಳ್ಳಬೇಕು ಎಂಬುದು ಅವನ ಭಾವನೆ. ಪ್ರಷ್ಯದ ಸರ್ಕಾರ ಇದನ್ನು ಅಪಾಯಕರವೆಂದು ಬಗೆದು 1851ರಲ್ಲಿ ನಿಷೇಧಿಸಿತು. 1860ರಲ್ಲಿ ನಿಷೇಧ ತೆರವಾಯಿತು. ಫ್ರೋಬೆಲ್ 1852ರಲ್ಲಿಯೇ ತೀರಿಕೊಂಡಿದ್ದನು.

ನೂರಾ ಇಪ್ಪತ್ತಮೂರು ವರ್ಷಗಳ ನಿಘಂಟು

ಯಾಕೊಬ್ ಗ್ರಿಮ್ ಮತ್ತು ವಿಲ್‌ಹೆಲ್ಮ್ ಗ್ರಿಮ್ ಸಹೋದರರನ್ನು ಲೋಕ ಬಲ್ಲದ್ದು ಅವರು 1812ರಿಂದ ಪ್ರಕಟಿಸಿದ ಜನಪದ ಕಥೆಗಳ ಮೂಲಕ. ಅವರಿಬ್ಬರೂ ಮೂಲತಃ ಶಬ್ದಶಾಸ್ತ್ರಜ್ಞರು. 1837ರಲ್ಲಿ ಹ್ಯಾನೋವರಿನ ಅರಸ ತನ್ನ ರಾಜ್ಯದ ಸಂವಿಧಾನವನ್ನು ರದ್ದುಪಡಿಸಿದಾಗ ಗೋಟಿಂಗೆನ್ ವಿಶ್ವವಿದ್ಯಾನಿಲಯದ ಏಳು ಮಂದಿ ಪ್ರಾಧ್ಯಾಪಕರು, ತಾವು ಆ ಸಂವಿಧಾನಕ್ಕೆ ಪ್ರಮಾಣಮಾಡಿದವರೆಂದೂ ಆ ಪ್ರಮಾಣವನ್ನು ಮುರಿಯಲಾರೆವೆಂದೂ ಬರೆದುಕೊಟ್ಟರು. ಏಳು ಮಂದಿಯೂ ಕೆಲಸದಿಂದ ವಜಾ ಆದರು. ಅವರಲ್ಲಿ ಗ್ರಿಮ್ ಸಹೋದರರೂ ಇದ್ದರು. ಯಾಕೊಬ್ ಮೂರು ದಿನಗಳೊಳಗೆ ರಾಜ್ಯವನ್ನೇ ಬಿಡಬೇಕಾಯಿತು.

ಜೀವನೋಪಾಯವಿಲ್ಲದೆ ಕುಳಿತ ಈ ಸಹೋದರರಿಗೆ 1838ರಲ್ಲಿ ಲೈಪ್‌ಜಿಗ್ಗಿನ ಪ್ರಕಾಶಕರು ಜರ್ಮನ್ ಭಾಷೆಯ ಒಂದು ಮಹಾನಿಘಂಟಿನ ಕಾರ್ಯವನ್ನು ಒಪ್ಪಿಸಿದರು. ಲೂಥರನಿಂದ ಗಯಟೆಯವರೆಗಿನ ಬರಹಗಳಿಂದ ಪ್ರಯೋಗಗಳನ್ನು ಎತ್ತಿಕೊಟ್ಟು ಪ್ರತಿಯೊಂದು ಪದದ ಚರಿತ್ರೆಯನ್ನು ಬರೆಯಬೇಕೆಂಬುದು ಸಂಕಲ್ಪ. ಮೊದಲ ಸಂಪುಟ 1854ರಲ್ಲಿ ಮುಗಿಯಿತು. ವಿಲ್‌ಹೆಲ್ಮ್ ‘ಡಿ’ ಅಕ್ಷರವನ್ನು ಮುಗಿಸಿ 1859ರಲ್ಲಿ ತೀರಿಕೊಂಡನು. ಯಾಕೊಬ್ 1863ರಲ್ಲಿ ಕಣ್ಮುಚ್ಚಿದಾಗ ‘ಎಫ್’ ಅಕ್ಷರದಲ್ಲಿ, ಹಣ್ಣು ಅಥವಾ ಫಲವೆಂಬ ಅರ್ಥದ ‘ಫ್ರುಖ್ಟ್’ ಎಂಬ ಪದದವರೆಗೆ ಬಂದಿದ್ದನು. ಫಲವನ್ನು ಕಾಣದೆ ಹೋದವರ ಕೆಲಸವನ್ನು ಶಿಷ್ಯರೂ ಪ್ರಶಿಷ್ಯರೂ ಮುಂದುವರಿಸಿದರು.

ನಿಘಂಟು ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತಿದ್ದಂತೆ ಹೊರಗೆ ದೇಶದ ರೂಪ ಮತ್ತೆ ಮತ್ತೆ ಬದಲಾಯಿತು. ಕೆಲಸ ತೊಡಗಿದಾಗ ಜರ್ಮನಿಯೆಂದರೆ 39 ರಾಜ್ಯಗಳ ಸಡಿಲ ಒಕ್ಕೂಟ. 1848ರಲ್ಲಿ ಜನಪ್ರತಿನಿಧಿಗಳು ಫ್ರಾಂಕ್‌ಫರ್ಟಿನಲ್ಲಿ ಸಭೆ ಸೇರಿ ಸಂವಿಧಾನಬದ್ಧವಾದ ಏಕರಾಷ್ಟ್ರವನ್ನು ಕಟ್ಟಲು ಪ್ರಯತ್ನಿಸಿದರು, ಯಾಕೊಬ್ ಗ್ರಿಮ್ ಆ ಸಭೆಯ ಸದಸ್ಯನಾಗಿದ್ದನು, ಪ್ರಯತ್ನ ಫಲಿಸಲಿಲ್ಲ. ಬಿಸ್ಮಾರ್ಕನ ನೀತಿಯಿಂದ, ಡೆನ್ಮಾರ್ಕ್, ಆಸ್ಟ್ರಿಯಾ, ಫ್ರಾನ್ಸ್‌ಗಳೊಡನೆ ನಡೆದ ಮೂರು ಯುದ್ಧಗಳ ತರುವಾಯ, 1871ರ ಜನವರಿ 18ರಂದು ಸಾಮ್ರಾಜ್ಯ ಸ್ಥಾಪಿತವಾಯಿತು. 1914ರಿಂದ 1918ರ ಮಹಾಯುದ್ಧದಲ್ಲಿ ಅದು ಸೋತು ಗಣರಾಜ್ಯವಾಯಿತು. 1923ರ ಹಣದುಬ್ಬರದಲ್ಲಿ ಜನರ ಜೀವಮಾನದ ಉಳಿತಾಯ ಕಾಗದದ ಬೆಲೆಗಿಳಿಯಿತು; 1929ರ ಬಳಿಕ ನಿರುದ್ಯೋಗ ಹೆಚ್ಚಿತು. 1933ರ ಜನವರಿ 30ರಂದು ಹಿಟ್ಲರ್ ಅಧಿಕಾರಕ್ಕೆ ಬಂದನು.

ನುಡಿ ಕೆಟ್ಟ ಕಾಲ

1933ರ ಮೇ 10ರ ರಾತ್ರಿ ಬರ್ಲಿನ್ ಮತ್ತು ಇತರ ವಿಶ್ವವಿದ್ಯಾನಿಲಯ ಪಟ್ಟಣಗಳಲ್ಲಿ ಪುಸ್ತಕಗಳನ್ನು ರಾಶಿ ಹಾಕಿ ಸುಡಲಾಯಿತು. ಬೆಂಕಿಯಿಟ್ಟವರಲ್ಲಿ ಮುಂದಾಳುಗಳು ಅಕ್ಷರವರಿಯದವರಲ್ಲ. ವಿದ್ಯಾರ್ಥಿ ಸಂಘಗಳ ತರುಣರು. ಪ್ರಾಧ್ಯಾಪಕರಲ್ಲಿ ಕೆಲವರು ಅಲ್ಲಿ ಭಾಷಣ ಮಾಡಿದರು, ಬಹುಮಂದಿ ಮೌನವಾಗಿದ್ದರು. ಗೋಟಿಂಗೆನ್ನಿನ ಏಳು ಮಂದಿಯ ಧೈರ್ಯ ಆ ವಿದ್ಯಾಪೀಠಗಳಲ್ಲಿ ಅಪರೂಪವಾಗಿ ಹೋಗಿತ್ತು.

ಈ ದುರಂತದಲ್ಲಿ ಭಾರತೀಯ ವಿದ್ಯೆಗೆ ಸಂಬಂಧಿಸಿದ ಒಂದು ಪದವೂ ಸಿಕ್ಕಿಬಿದ್ದಿತು. ಜರ್ಮನ್ ವಿದ್ವಾಂಸರು ಸಂಸ್ಕೃತಾಭ್ಯಾಸಕ್ಕೆ ಮಾಡಿದ ಸೇವೆ ಅಪಾರವಾದುದು. 1791ರಲ್ಲಿ ಶಾಕುಂತಲ ನಾಟಕದ ಜರ್ಮನ್ ಅನುವಾದವನ್ನು ಓದಿ ಗಯಟೆ ಮಾರುಹೋದನು. 1816ರಲ್ಲಿ ಫ್ರಾನ್ಸ್ ಬಾಪ್ ಸಂಸ್ಕೃತ ಧಾತುರೂಪಗಳನ್ನು ಗ್ರೀಕ್, ಲ್ಯಾಟಿನ್, ಜರ್ಮನ್ ರೂಪಗಳೊಡನೆ ಹೋಲಿಸಿ ತುಲನಾತ್ಮಕ ವ್ಯಾಕರಣಕ್ಕೆ ಬುನಾದಿ ಹಾಕಿದನು. ಡೆಸ್ಸಾವಿನಲ್ಲಿ ಹುಟ್ಟಿದ ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಸಾಯಣಭಾಷ್ಯಸಹಿತವಾದ ಋಗ್ವೇದವನ್ನು ಪ್ರಕಟಿಸಿದನು. ‘ಆರ್ಯ’ ಎಂಬುದನ್ನು ಭಾಷಾಕುಟುಂಬಕ್ಕೆ ಅನ್ವಯಿಸಬೇಕೇ ಹೊರತು ರಕ್ತಕ್ಕಾಗಲಿ ತಲೆಬುರುಡೆಯ ಆಕಾರಕ್ಕಾಗಲಿ ಅಲ್ಲವೆಂದು ಅವನು 1888ರಲ್ಲಿಯೇ ಸ್ಪಷ್ಟವಾಗಿ ಎಚ್ಚರಿಸಿದ್ದನು. ನಾತ್ಸಿಗಳು ಆ ಎಚ್ಚರಿಕೆಯನ್ನು ಕಡೆಗಣಿಸಿ ಆ ಪದದಿಂದ ಮನುಷ್ಯರನ್ನು ವಿಂಗಡಿಸಿದರು. ‘ಆರ್ಯನಲ್ಲದವನು’ ಎಂಬ ಒಂದು ಮಾತು ಉಪಾಧ್ಯಾಯನ ಕೆಲಸವನ್ನು, ಅಂಗಡಿಯನ್ನು, ಕೊನೆಗೆ ಪ್ರಾಣವನ್ನು ಕಸಿಯುವ ಆಧಾರವಾಯಿತು.

ವಿಕ್ಟರ್ ಕ್ಲೆಂಪರರ್ ಎಂಬವನು ಡ್ರೆಸ್ಡೆನ್ನಿನಲ್ಲಿ ಭಾಷಾಸಾಹಿತ್ಯಗಳ ಪ್ರಾಧ್ಯಾಪಕನಾಗಿದ್ದನು. ಯಹೂದ್ಯ ಮನೆತನದವನೆಂಬ ಕಾರಣದಿಂದ 1935ರಲ್ಲಿ ಕೆಲಸ ಕಳೆದುಕೊಂಡನು. ಪತ್ನಿ ಯಹೂದ್ಯೇತರಳಾಗಿದ್ದು ಅವನನ್ನು ತೊರೆಯದಿದ್ದುದರಿಂದ ಜೀವ ಉಳಿಯಿತು. ಗ್ರಂಥಾಲಯಕ್ಕೆ ಹೋಗುವ ಅವಕಾಶವೂ ತಪ್ಪಿದಾಗ ಅವನು ತನ್ನ ಸುತ್ತಲಿನ ಮಾತನ್ನೇ ಗ್ರಂಥವಾಗಿ ಓದಿ, ಗುಟ್ಟಾಗಿ ದಿನಚರಿಯಲ್ಲಿ ಟಿಪ್ಪಣಿ ಬರೆದನು. ‘ಮತಾಂಧ’ ಎಂಬ ನಿಂದೆಯ ಪದ ಹೊಗಳಿಕೆಯಾಯಿತು. ಕೊಲೆಗೆ ‘ವಿಶೇಷ ಉಪಚಾರ’ ಎಂಬ ಹೆಸರು ಬಂದಿತು. ಜನ ಇಂಥ ಪದಗಳನ್ನು ದಿನವೂ ಕೇಳಿ, ಆಡಿ, ವಿಚಾರಿಸದೆ ಒಪ್ಪಿಕೊಂಡರೆಂದು ಅವನು 1947ರಲ್ಲಿ ಪ್ರಕಟಿಸಿದ ಗ್ರಂಥ ನಿರೂಪಿಸುತ್ತದೆ.

ಭಾಷೆಯ ಹೆಸರು ಆಕ್ರಮಣಕ್ಕೂ ಒದಗಿತು. ಜರ್ಮನ್ ಆಡುವವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂದು ಹೇಳಿ 1938ರಲ್ಲಿ ಆಸ್ಟ್ರಿಯಾವನ್ನೂ ಚೆಕೊಸ್ಲೊವಾಕಿಯದ ಗಡಿಸೀಮೆಯನ್ನೂ ವಶಪಡಿಸಿಕೊಳ್ಳಲಾಯಿತು. 1939ರಲ್ಲಿ ಪೋಲೆಂಡಿನ ಮೇಲೆ ದಂಡೆತ್ತಿದೊಡನೆ ಎರಡನೆಯ ಮಹಾಯುದ್ಧ ಆರಂಭವಾಯಿತು. ಸುಮಾರು 60 ಲಕ್ಷ ಯಹೂದ್ಯರೂ, ಜತೆಗೆ ರೋಮಾ ಜನರು, ಅಂಗವಿಕಲರು, ಯುದ್ಧಕೈದಿಗಳು ಮೊದಲಾದ ಲಕ್ಷಾಂತರ ಮಂದಿಯೂ ಹತರಾದರು. 1937ರಲ್ಲಿ ತೆರೆದ ಬೂಖನ್‌ವಾಲ್ಡ್ ಎಂಬ ಸೆರೆಶಿಬಿರ ಇದ್ದುದು ಗಯಟೆಯ ವೈಮಾರ್ ಪಟ್ಟಣಕ್ಕೆ ಸಮೀಪದ ಬೆಟ್ಟದ ಮೇಲೆ. ಮಹಾಕವಿಯ ಮನೆಗೂ ಆ ಮುಳ್ಳುತಂತಿಯ ಬೇಲಿಗೂ ನಡುವೆ ಹತ್ತು ಕಿಲೋಮೀಟರಿನ ಅಂತರವೂ ಇರಲಿಲ್ಲ.

1961 ಮತ್ತು ಅನಂತರ

1945ರಲ್ಲಿ ಜರ್ಮನಿ ಸೋತಿತು. 1949ರಲ್ಲಿ ಎರಡು ರಾಜ್ಯಗಳಾಯಿತು. ನಿಘಂಟಿನ ಕೆಲಸ ಪೂರ್ವದ ಬರ್ಲಿನ್ನಿನಲ್ಲಿಯೂ ಪಶ್ಚಿಮದ ಗೋಟಿಂಗೆನ್ನಿನಲ್ಲಿಯೂ ಸಾಗಿತು. ರಾಜಕೀಯದಲ್ಲಿ ಪರಸ್ಪರ ವಿರೋಧಿಗಳಾದ ಎರಡು ರಾಜ್ಯಗಳ ಪಂಡಿತರು ಪದಗಳನ್ನು ಹಂಚಿಕೊಂಡು ದುಡಿದು 1961ರ ಆರಂಭದಲ್ಲಿ ಅದನ್ನು ಪೂರ್ಣಗೊಳಿಸಿದರು: 32 ಸಂಪುಟಗಳು, ಮೂರು ಲಕ್ಷಕ್ಕೂ ಮಿಕ್ಕ ಪದಗಳು, ಸಂಕಲ್ಪದಿಂದ ಮುಕ್ತಾಯಕ್ಕೆ 123 ವರ್ಷಗಳು. ಅದೇ ವರ್ಷ ಆಗಸ್ಟ್ 13ರಂದು ಬರ್ಲಿನ್ ನಗರದ ನಡುವೆ ಗೋಡೆ ಏಳತೊಡಗಿತು. ಅಣ್ಣತಮ್ಮಂದಿರು, ತಾಯಿಮಕ್ಕಳು ಬೇರೆಯಾದರು. 1989ರ ನವೆಂಬರ್ 9ರಂದು ಗೋಡೆ ತೆರೆಯಿತು. 1990ರ ಅಕ್ಟೋಬರ್ 3ರಂದು ಎರಡು ರಾಜ್ಯಗಳೂ ಒಂದಾದವು. ಇಂದಿನ ಜರ್ಮನಿ 16 ರಾಜ್ಯಗಳ ಸಂಯುಕ್ತ ಗಣರಾಜ್ಯ. ಶಾಲಾಶಿಕ್ಷಣ ಮುಖ್ಯವಾಗಿ ಆಯಾ ರಾಜ್ಯದ ಹೊಣೆ.

1961ರಲ್ಲಿಯೇ ಪಶ್ಚಿಮ ಜರ್ಮನಿ ಟರ್ಕಿಯಿಂದ ಕೆಲಸಗಾರರನ್ನು ಕರೆಸಿಕೊಳ್ಳುವ ಒಪ್ಪಂದವನ್ನೂ ಮಾಡಿಕೊಂಡಿತು. ಅತಿಥಿಗಳೆಂದು ಬಂದವರಲ್ಲಿ ಅನೇಕರು ನೆಲೆನಿಂತರು. ಅವರ ಮಕ್ಕಳು ಮೊಮ್ಮಕ್ಕಳು ಜರ್ಮನಿನಲ್ಲಿ ಕಾದಂಬರಿ ಬರೆಯುತ್ತಾರೆ, ಶಾಸನಸಭೆಯಲ್ಲಿ ಮಾತನಾಡುತ್ತಾರೆ. ತಂದೆತಾಯಿ ಜರ್ಮನರಲ್ಲದಿದ್ದರೂ ಅಲ್ಲಿ ಹುಟ್ಟಿದ ಮಗುವಿಗೆ ಕೆಲವು ನಿಬಂಧನೆಗಳೊಡನೆ ಪೌರತ್ವ ಕೊಡುವ ಕಾನೂನು 2000ದಲ್ಲಿ ಜಾರಿಗೆ ಬಂದಿತು. ಪೂರ್ವದ ಲುಸೇಶಿಯ ಸೀಮೆಯ ಸೋರ್ಬ್ ಜನರ ಸ್ಲಾವ್ ಭಾಷೆಗೂ, ಉತ್ತರದ ಡೇನಿಷ್, ಫ್ರೀಸಿಯನ್ ನುಡಿಗಳಿಗೂ ರಕ್ಷಣೆಯಿದೆ. ಜರ್ಮನಿನೊಳಗೂ ವೈವಿಧ್ಯ ಅಳಿದಿಲ್ಲ. ಶನಿವಾರಕ್ಕೆ ದಕ್ಷಿಣದಲ್ಲಿ ಒಂದು ಹೆಸರು, ಉತ್ತರದ ಕಡೆ ಮತ್ತೊಂದು.

ಕೈಗೆಲಸಕ್ಕೆ ಕೊಡುವ ಗೌರವ ಈ ಸಂಸ್ಕೃತಿಯ ಮತ್ತೊಂದು ಲಕ್ಷಣ. ಮಧ್ಯಯುಗದ ಕುಶಲಕರ್ಮಿಗಳ ಶ್ರೇಣಿಗಳಲ್ಲಿ ಶಿಷ್ಯ, ಕುಶಲಿ, ಗುರು ಎಂಬ ಮೂರು ಮೆಟ್ಟಿಲುಗಳಿದ್ದುವು. ಇಂದಿಗೂ ಮುನ್ನೂರಕ್ಕೂ ಹೆಚ್ಚು ವೃತ್ತಿಗಳಲ್ಲಿ ತರುಣರು ವಾರದ ಕೆಲವು ದಿನ ಕಾರ್ಯಾಗಾರದಲ್ಲಿಯೂ ಉಳಿದ ದಿನ ವೃತ್ತಿಶಾಲೆಯಲ್ಲಿಯೂ ಎರಡು ಮೂರು ವರ್ಷ ಕಲಿತು ಪರೀಕ್ಷೆಗೆ ಕೂಡುತ್ತಾರೆ. ಬ್ರೆಡ್ಡು ಸುಡುವವನಿಗೂ ಬಡಗಿಗೂ ಅಲ್ಲಿ ಗುರುಪದವಿಯ ಪ್ರಮಾಣಪತ್ರವಿದೆ.

ಹಿಂದಿನ ಪಾಪವನ್ನು ಎದುರಿಸುವ ಕೆಲಸ ತಡವಾಗಿಯಾದರೂ ನಡೆಯಿತು. 1949ರ ಸಂವಿಧಾನ ಮನುಷ್ಯನ ಘನತೆಗೆ ಚ್ಯುತಿ ಬರಕೂಡದೆಂಬ ವಿಧಿಯಿಂದ ಆರಂಭವಾಗುತ್ತದೆ. ನಾತ್ಸಿಗಳಿಂದ ಹತರಾದವರು ಕೊನೆಯದಾಗಿ ಸ್ವೇಚ್ಛೆಯಿಂದ ವಾಸಿಸಿದ್ದ ಮನೆಯ ಮುಂದಿನ ಕಾಲುದಾರಿಯಲ್ಲಿ ಅವರ ಹೆಸರು, ಹುಟ್ಟಿದ ವರ್ಷ, ಸತ್ತ ಸ್ಥಳಗಳನ್ನು ಕೊರೆದ ಸಣ್ಣ ಹಿತ್ತಾಳೆಯ ಫಲಕಗಳನ್ನು ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಹಾಕತೊಡಗಿದನು. ಯೂರೋಪಿನ ಅನೇಕ ದೇಶಗಳಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ. ಓದಬೇಕಾದವನು ಅವುಗಳ ಮುಂದೆ ತಲೆ ಬಾಗಿಸಲೇಬೇಕು.

ಕನ್ನಡದ ಋಣ

ಜರ್ಮನರ ಶಬ್ದಪ್ರೀತಿಯ ಒಂದು ಧಾರೆ ಕನ್ನಡ ನಾಡಿಗೂ ಹರಿದುಬಂದಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಉದ್ದೇಶ ಕ್ರೈಸ್ತಮತ ಪ್ರಚಾರ. ಆದರೆ ಅವರಲ್ಲಿ ಕೆಲವರು ಕನ್ನಡಕ್ಕೆ ಮಾಡಿದ ಸೇವೆ ಆ ಉದ್ದೇಶವನ್ನು ಮೀರಿ ಉಳಿಯಿತು. ವುರ್ಟೆಂಬರ್ಗ್ ಸೀಮೆಯ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು, ಓಲೆಗರಿಗಳಲ್ಲಿದ್ದ ಕಾವ್ಯಗಳನ್ನು ಕೂಡಿಸಿ 1848ರಿಂದ ಕಲ್ಲಚ್ಚಿನಲ್ಲಿ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣಗಳನ್ನು ಸೇರಿಸಿದನು. ಉತ್ತರದ ಕಡಲಂಚಿನ ಪೂರ್ವ ಫ್ರೀಸಿಯದಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದು, ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದನು. ಕಾವ್ಯದ ಪ್ರಯೋಗವನ್ನೂ ಒಕ್ಕಲಿಗನ ಗಾದೆಯನ್ನೂ ಒಂದೇ ಆದರದಿಂದ ಎತ್ತಿಕೊಡುವ ಆ ಗ್ರಂಥದಲ್ಲಿ, ಗ್ರಿಮ್ ಸಹೋದರರ ಕಾಲದ ಜರ್ಮನ್ ವಿದ್ವತ್ತಿನ ಶ್ರದ್ಧೆಯನ್ನು ಕಾಣಬಹುದು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವನಿಗೆ 1896ರಲ್ಲಿ ಡಾಕ್ಟರೇಟ್ ಗೌರವ ನೀಡಿತು. ಅದೇ ಪಟ್ಟಣದಲ್ಲಿ 1903ರಲ್ಲಿ ಅವನು ತೀರಿಕೊಂಡನು.

ಹೀಗೆ ಜರ್ಮನರ ಇತಿಹಾಸದಲ್ಲಿ ನುಡಿಯ ಕೆಲಸ ರಾಜ್ಯಗಳಿಗಿಂತ ದೀರ್ಘಾಯುವಾಗಿದೆ. ಗ್ರಿಮ್ ನಿಘಂಟಿನ ಮೊದಲ ಅಕ್ಷರಗಳು ಹಳತಾದುವೆಂದು ‘ಎ’ಯಿಂದ ‘ಎಫ್’ವರೆಗಿನ ಭಾಗವನ್ನು ಬರ್ಲಿನ್ ಮತ್ತು ಗೋಟಿಂಗೆನ್ನಿನ ವಿದ್ವಾಂಸರು ಮತ್ತೆ ಬರೆಯತೊಡಗಿ 2016ರಲ್ಲಿ ಮುಗಿಸಿದರು. ಆದರೆ ಅದೇ ಇತಿಹಾಸ ಇನ್ನೊಂದನ್ನೂ ಹೇಳುತ್ತದೆ. ಪದಗಳ ಅರ್ಥವನ್ನು ಬಲ್ಲ ಸಾವಿರಾರು ಜನ ಪದಗಳು ಕೆಡುತ್ತಿದ್ದಾಗ ಸುಮ್ಮನಿದ್ದರು. ಬರೆದುಕೊಟ್ಟ ಪ್ರಮಾಣವನ್ನು ಮುರಿಯಲಾರೆವೆಂದು ಹೇಳಿ ಕೆಲಸ ಕಳೆದುಕೊಂಡವರು ಏಳೇ ಮಂದಿ. ನುಡಿದಂತೆ ನಡೆಯಬೇಕೆಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ವ್ಯಾಕರಣ, ಕಾವ್ಯ, ಗಣಿತಗಳನ್ನು ಕಲಿಸುವ ಶಾಲೆ ಆ ಮಾತನ್ನೂ ಕಲಿಸಬಲ್ಲುದೇ ಎಂಬುದನ್ನು ಅದರ ವಿದ್ಯಾರ್ಥಿಗಳ ಮುಂದಿನ ಬಾಳು ತೋರಿಸುತ್ತದೆ.